ಅರ ತಾಗಿದ ಅಂಚು

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ವಿದ್ಯಾವತಿಗೆ ಒಳಗಿನಿಂದ ಠಣ್ ಎಂಬ ಸದ್ದು ಕೇಳಿತು. ಕೈಯಲ್ಲಿದ್ದ ಸೀರೆ ಅಲ್ಲೇ ಬಿಟ್ಟು ಓಡಿಬಂದಳು. ಅತ್ತೆ ತುಳಜಾಬಾಯಿ ಕಲ್ಲುಹೊಸ್ತಿಲ ಬಳಿ ಕೂತು, ಬೆಳ್ಳಿ ರೂಪಾಯಿಯನ್ನು ಕಲ್ಲಿಗೆ ಬಾರಿಸಿ ಬಾರಿಸಿ ಕಿವಿಗೊಟ್ಟು ಕೇಳುತ್ತಿದ್ದರು.

“ಖರೇ ಅದ ನೋಡು. ಹ್ಯಾಂಗ ಹಾಡಾಕತ್ತದ!”

“ಅತ್ತಿ, ಅದನ್ನ ಯಾಕ ಬಾರಿಸಿದ್ರಿ?”

“ಮಂದಿ ನಂಬಿ ಇಟ್ಟ ಅಮಾನತ್ ಮನ್ಯಾಗ ಇಟ್ಕೊಳ್ಳೂ ಮುಂದ ಬಾರಿಸಿ ನೋಡ್ಬೇಕವ್ವಾ. ನಾಳಿ ‘ಖರೇದು ಇಟ್ಟಿದ್ದೆ, ಖೋಟಾ ಕೊಟ್ರಿ’ ಅಂದ್ರ ಏನ್ ಮಾಡ್ತಿ? ನಿಮ್ಮ ಮಾವ ಬಾರಿಸದ ಒಂದು ರೂಪಾಯಿನೂ ಗಲ್ಲಾಕ್ಕ ಹಾಕಿದವರಲ್ಲ.”

ತುಳಜಾಬಾಯಿಯ ಮಾತು ಅವರ ಕಾಲಕ್ಕೆ ಸರಿಯೇ. ಆದರೆ ಇದು ಅಂಗಡಿಯ ರೂಪಾಯಿಯಲ್ಲ. ತೀರಿಹೋದ ಮಾವ ಬಸವಣಪ್ಪನವರ ಜೀವದ ಗೆಳೆಯ, ಹುಮನಾಬಾದಿನಲ್ಲಿ ಗಡಿಯಾರ ರಿಪೇರಿ ಮಾಡುವ ಜಹೀರುದ್ದೀನ್ ಅವರದು. ಅವರ ಮನೆಯ ಮಾಳಿಗೆ ಬಿಚ್ಚಿ ಹೊಸದಾಗಿ ಹಾಕಿಸುತ್ತಿದ್ದರು. ಮನೆತುಂಬ ಗೌಂಡಿಗಳು. ಹಾಗಾಗಿ ಹಿಂದಿನ ದಿನವಷ್ಟೇ ಬಸವಕಲ್ಯಾಣಕ್ಕೆ ಬಂದು, ತಾವು ಕೂಡಿಟ್ಟ ನಾಣ್ಯಗಳಲ್ಲೆಲ್ಲ ಚೆಂದವಾದ, ನಿಜಾಮನ ಕಾಲದ ಈ ಚಾರ್‌ಮಿನಾರ್ ರೂಪಾಯಿಯನ್ನು ಹತ್ತಿಯಲ್ಲಿ ಸುತ್ತಿ ವಿದ್ಯಾವತಿಯ ಕೈಗೇ ಕೊಟ್ಟಿದ್ದರು.

“ಬೇಟಿ, ಮಂದಿ ಚಾರ್‌ಮಿನಾರ್ ನೋಡ್ತಾರ, ಪಾರಖಿ ಅಂಚು ನೋಡ್ತಾನ,” ಎಂದಿದ್ದರು. “ಇದು ಸಂತ್ಯಾಗ ಕೈ ಬದಲಾದ ರೂಪಾಯಿ ಅಲ್ಲ. ಹೈದರಾಬಾದಿನ ಪಾರಖಿಗೆ ತೋರ್ಸಿ, ಪರೀಕ್ಷಾ ಮಾಡ್ಸಿ, ದರ್ಜಾ ಹಾಕಿಸ್ಬೇಕು ಅಂತ ಆಸೆ ಅದ. ಅಂಚಿಗೆ ಸಾಸ್ವಿಕಾಳಷ್ಟು ಪೆಟ್ಟು ಬಿದ್ರೂ ದರ್ಜಾ ಇಳೀತದ.”

ವಿದ್ಯಾವತಿ ರೂಪಾಯಿ ಇಸಿದುಕೊಂಡು ಬೆಳಕಿಗೆ ಹಿಡಿದಳು. ಅಂಚಿನ ಸುತ್ತ ಬಾಚಣಿಕೆಯ ಹಲ್ಲಿನಂತೆ ಸಣ್ಣ ಸಣ್ಣ ಗೆರೆ. ಒಂದು ಕಡೆ ಬೆಳ್ಳಿ ಜಜ್ಜಿ ಚೂರು ಹೊರಗೆ ಎದ್ದಿತ್ತು. ಬೆರಳಿಗೆ ಚುಚ್ಚಿತು.

ಗಂಡನಿಗೆ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಅತ್ತೆಯ ಮೇಲೆ ಚಾಡಿ ಹೇಳಿದ ಸೊಸೆಯಾಗುತ್ತಾಳೆ. ಸುಮ್ಮನಿದ್ದರೆ ಗಂಡ ಶಂಕರಲಿಂಗನ ಮಾತು ಹೋಗುತ್ತದೆ. ತಂದೆಯ ಗೆಳೆಯ ಅವನನ್ನು ನಂಬಿ ಇಟ್ಟುಹೋದ ಒಡವೆ ಅದು. ಅಂಜಿಕೆ ಬುದ್ಧಿ ಹೇಳುವುದಕ್ಕೆ ನಿಂತರೆ ಎಂಥ ಬುದ್ಧಿ ಹೇಳೀತು? ಸಂಜೆ ಗುಡಿಗೆ ಹೋಗುವ ನೆಪ ಮಾಡಿ ಅಕ್ಕಸಾಲಿಗನ ಅಂಗಡಿಗೆ ಹೋದಳು. ತವರಿನ ರೂಪಾಯಿ ಎಂದು ಸುಳ್ಳು ಹೇಳಿದಳು.

“ಚುಚ್ಚಾಕತ್ತದ್ರಿ. ಸ್ವಲ್ಪ ನುಣ್ಣಗ ಮಾಡಿಕೊಡ್ರಿ.”

ಅವನು ಸಣ್ಣ ಅರ ತೆಗೆದು ಕರಕರ ಉಜ್ಜಿದ. ಅವನ ಮೊಣಕಾಲ ಮೇಲಿನ ಬಟ್ಟೆಗೆ ಬೆಳ್ಳಿಯ ಪುಡಿ ಉದುರಿತು. ಚುಚ್ಚುವುದು ನಿಂತಿತು, ಅಷ್ಟು ಜಾಗದ ಗೆರೆಗಳೂ ಹೋದವು. ಯಾರು ಅಷ್ಟು ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮತ್ತೆ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು.

ಆದರೆ ಅಂಜಿಕೆ ಅರಕ್ಕೆ ಸವೆಯುವ ವಸ್ತುವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಹುಮನಾಬಾದ್ ಎಂದು ಯಾರಾದರೂ ಅಂದರೆ ಸಾಕು, ಅವಳ ಕೈ ಬೀರುವಿನ ಕಡೆ ಹೋಗುತ್ತಿತ್ತು. ಅನ್ನ ಸೇರಲಿಲ್ಲ. ಬಾಗಿಲು ಬಡಿದರೆ ಮೈ ಬೆವರುತ್ತಿತ್ತು. ಗಂಡ ಏನಾಯಿತೆಂದು ಕೇಳಿದಾಗಲೆಲ್ಲ ತಲೆನೋವು ಎಂದಳು.

ಹೀಗೆ ಕೆಲವು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಬಿಸಿಲು ಏರತೊಡಗಿದ ಹೊತ್ತಿನಲ್ಲಿ ಜಹೀರುದ್ದೀನ್ ಬಂದರು. ಕೈಯಲ್ಲೊಂದು ರೆಕ್ಸಿನ್ ಚೀಲ, ಎಷ್ಟು ಭಾರವೆಂದರೆ ಹೊಸ್ತಿಲು ದಾಟುವಾಗ ಮುದುಕ ಏದುಸಿರು ಬಿಡುತ್ತಿದ್ದರು.

“ಹಜ್‌ಗೆ ಹೊಂಟೀನಿ ಭಾಬಿ,” ಎಂದರು ತುಳಜಾಬಾಯಿಗೆ. “ಹೋಗೂ ಮುಂದ ಎಲ್ಲಾರ ಹತ್ರ ಮಾಫಿ ಕೇಳಬೇಕು. ಹೆಚ್ಚು ಕಮ್ಮಿ ಏನರ ಅಂದಿದ್ರ ಮಾಫ್ ಮಾಡ್ರಿ. ನನ್ನ ನಾಣ್ಯ ಎಲ್ಲಾ ಈ ಚೀಲದಾಗ ಅವ. ಬರೂತನಾ ನಿಮ್ಮ ಮನ್ಯಾಗ ಇರ್ಲಿ. ಆ ಚಾರ್‌ಮಿನಾರ್ ರೂಪಾಯಿ ಒಂದು ಕೊಡ್ರಿ, ಹೋಗೂ ದಾರ‍್ಯಾಗ ಹೈದರಾಬಾದಿನ್ಯಾಗ ತೋರಿಸ್ತೀನಿ.”

ಅಂಗಡಿಗೆ ಹೊರಟಿದ್ದ ಶಂಕರಲಿಂಗನೂ ಬಂದು ನಿಂತ. ವಿದ್ಯಾವತಿ ರೂಪಾಯಿ ತಂದುಕೊಟ್ಟಳು. ಅವರು ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ರೂಪಾಯಿಯನ್ನು ಮೆಲ್ಲಗೆ ತಿರುಗಿಸತೊಡಗಿದರು. ತಿರುಗುತ್ತಿದ್ದ ರೂಪಾಯಿ ಒಂದು ಕಡೆ ನಿಂತಿತು. ಹೆಬ್ಬೆರಳು ಅದೇ ಜಾಗವನ್ನು ಸವರಿತು.

“ಶಂಕರಲಿಂಗ, ಇದಕ್ಕ ಅರ ಯಾರು ಹಾಕಿದ್ರು?”

ಶಂಕರಲಿಂಗನ ಮುಖ ಸುಣ್ಣ ಬಳಿದಂತಾಯಿತು. ರೂಪಾಯಿಯ ಅಂಚಿಗೆ ಅರ ಹಾಕುವುದೆಂದರೆ ಬೆಳ್ಳಿ ಕೆರೆದುಕೊಳ್ಳುವ ಕಳ್ಳರ ಕೆಲಸ. ವ್ಯಾಪಾರಸ್ಥರ ಮನೆಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ.

“ಬಾರಿಸಿದ್ದು ನಾನು, ಜಹೀರಭಾಯಿ!” ತುಳಜಾಬಾಯಿಯ ದನಿ ಏರಿತು. “ಅರ ಹಾಕೂ ಮಂದಿ ಅಲ್ಲ ನಾವು!”

“ಬಾರಿಸಿದ್ರ ಪೆಟ್ಟು ಬೀಳ್ತದ ಭಾಬಿ. ಪೆಟ್ಟಿಗೂ ಒಂದು ದರ್ಜಾ ಅದ. ಒಂದು ಮೆಟ್ಟಲ ಇಳೀತಿತ್ತು, ಅಷ್ಟೇ. ಅರ ಹಾಕಿದ್ದಕ್ಕ ದರ್ಜಾನೇ ಇಲ್ಲ. ಪಾರಖಿ ತಿರುಗಿ ಕೈಯಾಗ ಇಡ್ತಾನ.”

ಶಂಕರಲಿಂಗ ನೆಲ ನೋಡುತ್ತ ನಿಂತಿದ್ದ. ಅದನ್ನು ನೋಡಲಾಗಲಿಲ್ಲ ವಿದ್ಯಾವತಿಗೆ.

“ನಾನು ಹಾಕ್ಸಿದೆ, ಚಾಚಾ. ಪೆಟ್ಟು ಕಾಣಬಾರ್ದು ಅಂತ... ಭಾಳ ಅಂಜಿಕಿ ಬಂತ್ರಿ. ತಪ್ಪಾತ್ರಿ, ಮಾಫ್ ಮಾಡ್ರಿ.”

ಜಹೀರುದ್ದೀನ್ ಭೂತಗನ್ನಡಿ ಕಳಚಿ, ರೂಪಾಯಿಯನ್ನು ಹತ್ತಿಯಲ್ಲಿ ಸುತ್ತಿ ಜೇಬಿಗಿಟ್ಟರು. ಆಮೇಲೆ ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು.

“ಮಾಫಿ ಕೇಳಾಕ ಬಂದವ ನಾನು. ನಿನಗ ಮಾಡದೇ ಹೋದ್ರ ನನ್ನ ಹಜ್ ಆಗ್ತದೇನು? ಮಾಫ್ ಅದ ಬೇಟಿ. ಅಳಬ್ಯಾಡ.”

ವಿದ್ಯಾವತಿ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಚಹಾ ಮಾಡಿ ತಂದಳು. ಅವರು ಬಶಿಯಲ್ಲಿ ಹಾಕಿಕೊಂಡು ಪೂರ್ತಿ ಕುಡಿದರು, ಶಂಕರಲಿಂಗನ ಅಂಗಡಿಯ ಬಗ್ಗೆ ಕೇಳಿದರು, ಒಂದೆರಡು ಸಲ ನಕ್ಕರು ಕೂಡ.

ಆಮೇಲೆ ಎದ್ದು ನಿಂತು, ಚೀಲ ಎತ್ತಿಕೊಂಡರು.

“ಚಾಚಾ, ಚೀಲ ಇಲ್ಲೇ ಇಟ್ಟು ಹೋಗ್ತೀನಿ ಅಂದಿದ್ರಿ,” ಎಂದ ಶಂಕರಲಿಂಗ.

“ಇರ್ಲಿ ಬಿಡಪ್ಪಾ. ಭಾರ ಏನಿಲ್ಲ.”

ಅವರ ಒಂದು ಭುಜ ಜಗ್ಗಿ ವಾಲಿತ್ತು. ಬಸ್‌ಸ್ಟ್ಯಾಂಡಿನವರೆಗಾದರೂ ಹಿಡಿಯುತ್ತೇನೆಂದು ಶಂಕರಲಿಂಗ ಕೈಚಾಚಿದ. ಜಹೀರುದ್ದೀನ್ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು.