ಕೋವಿ

ಹಲ್ಲಿಯನ್ನೂ ಹೊಡೆಯದ ಜೈನರ ಮನೆಯಲ್ಲಿ ಯಜಮಾನನೇ ಕೋವಿ ಕೇಳಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ? ೧೯೬೧ರ ಮಳೆಗಾಲ ಆಗಷ್ಟೇ ಮುಗಿದಿತ್ತು. ಲಕ್ವಾ ಹೊಡೆದ ಭೂಪಾಲಪ್ಪನನ್ನು ಕೊಲ್ಲಾಪುರದ ಡಾಕ್ಟರು ಇನ್ನು ಮನೆಗೇ ಒಯ್ಯಿರಿ ಎಂದು ಕಳಿಸಿದ್ದರು. ಕಬನೂರಿನ ಮನೆಯಲ್ಲಿ ಮಲಗಿದ ಆತನ ಸೊಟ್ಟ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು: "ಕೋ...ವಿ."

ಗಡಹಿಂಗ್ಲಜದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಮಗ ಧನಪಾಲ ಬಸ್ಸಿಳಿದು ಬರುವಷ್ಟರಲ್ಲಿ ಓಣಿಯೆಲ್ಲ ಗುಲ್ಲಾಗಿತ್ತು. ನಮ್ಮ ಕಡೆ ಬಾಯಿಮಾತಿಗೆ ಬಂದೂಕೇ ಆದರೂ, ಲಾವಣಿ ಕೇಳಿ ಬೆಳೆದವರಿಗೆ ಕೋವಿ ಎಂದರೇನೆಂದು ಹೇಳಿಕೊಡಬೇಕಿಲ್ಲ. ಯಾರಿಗಾಗಿ ಎಂದಂತೂ ಕೇಳುವುದೇ ಬೇಡ. ಆಸ್ತಿ ಪಾಲಾಗಿ ಎರಡು ಮಗ್ಗದ ಶೆಡ್ಡುಗಳ ನಡುವೆ ಗೋಡೆ ಎದ್ದಾಗಿನಿಂದ ಭೂಪಾಲಪ್ಪನೂ ಅವನ ತಮ್ಮ ಬಾಹುಬಲಿಯೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಆ ತಮ್ಮ ಈಗ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಅಣ್ಣನನ್ನು ಕೊನೆಯ ಸಲ ನೋಡಲೆಂದು ಬಂದವನು ಆ ಮಾತು ಕಿವಿಗೆ ಬಿದ್ದೊಡನೆ ಹೊಸ್ತಿಲಲ್ಲೇ ಹಿಂದೆ ಸರಿದಿದ್ದ. "ಸಾಯೂಮುಂದನೂ ನನ್ನ ಕೊಲ್ಲಬೇಕಂತಾನಲ್ಲೋ ಧನು! ನಾ ಒಳಗ ಬರಂಗಿಲ್ಲ," ಎಂದ. ಕಣ್ಣೀರು ಒರೆಸಿಕೊಳ್ಳಲಿಕ್ಕೂ ಅವನಿಗೆ ಹಟ.

ಒಳಗೆ ತಾಯಿ ಹೀರಾಬಾಯಿ ಪಿಸುಗುಟ್ಟಿದಳು. "ಸಂಜೀಮುಂದ ಜಪದ ಹೊತ್ತಿಗೆ ಭಾಳ ಜೋರ ಮಾಡತಾರಪಾ. ಒಂದ ಕೈ ಎತ್ತಿ ಮುಂದ ಚಾಚತಾರ. ಗುರಿ ಇಟ್ಟಂಗ ಕಾಣತೈತಿ."

ಜಪದ ಹೊತ್ತಿಗೇ ಏಕೆ? ಧನಪಾಲ ಅಪ್ಪನ ಬಾಯಿಗೆ ಕಿವಿ ಹಚ್ಚಿ ಕೂತ. ಆ ಕೈ ಗುರಿಯಿಡುತ್ತಿರಲಿಲ್ಲ, ಮುಗಿಯಲು ಇನ್ನೊಂದು ಕೈಯನ್ನು ಹುಡುಕುತ್ತಿತ್ತು. ಅಪ್ಪ ದಿನಾಲೂ ಸಂಜೆ ಹೇಳುತ್ತಿದ್ದ ಪ್ರಾಕೃತದ ಕ್ಷಮೆಯ ಪ್ರಾರ್ಥನೆಯ ಕೊನೆಯ ಮಾತು ಅದು: 'ಕೇಣ ವಿ'. ಬಿದ್ದುಹೋದ ನಾಲಿಗೆಗೆ 'ಣ' ಏಳದೆ, 'ಕೇ' ಜಾರಿ 'ಕೋ' ಆಗಿತ್ತು.

ತರಗತಿಯಲ್ಲಿ ತೂಕಡಿಸುವ ಹುಡುಗರಿಂದ ಧನಪಾಲ ಉರು ಹೊಡೆಸುತ್ತಿದ್ದದ್ದು ಇದನ್ನೇ ಅಲ್ಲವೇ? 'ಕಃ' ಎಂದರೆ ಯಾರು. ಅದಕ್ಕೆ 'ಅಪಿ' ಸೇರಿದರೆ 'ಕೋಽಪಿ', ಯಾರೋ, ಯಾರೂ. 'ಕೇನಾಪಿ' ಎಂದರೆ ಯಾರೊಡನೆಯೂ. ಪ್ರಾಕೃತದವರ ಬಾಯಲ್ಲಿ ಆ 'ಅಪಿ' ಸವೆದು 'ವಿ' ಆಯಿತು; 'ಕೇನಾಪಿ' 'ಕೇಣ ವಿ' ಆಯಿತು, 'ಕೋಽಪಿ' 'ಕೋ ವಿ' ಆಯಿತು. 'ಕೋ ವಿ' ಇನ್ನಷ್ಟು ಸವೆದು 'ಕೋಈ' ಆಗಿ ಇಚಲಕರಂಜಿಯ ಟಾಕೀಜಿನಲ್ಲಿ ಹಿಂದಿ ಹಾಡು ಹೇಳುತ್ತಿದೆ. ಅದಕ್ಕೆ ರಕ್ತಸಂಬಂಧವಿಲ್ಲದ ನಮ್ಮ ಕನ್ನಡಕ್ಕೂ ಅದೇ ಜಾಣತನ ಹೊಳೆದಿದೆ: 'ಯಾರು' ಎಂಬುದಕ್ಕೆ ಆ 'ವಿ'ಯ ಹಾಗೇ ಒಂದು 'ಊ' ಹಚ್ಚಿದರೆ ಸಾಕು, ಲೋಕವೆಲ್ಲ ಅದರೊಳಗೆ ಬಂತು. ಎಷ್ಟು ಸಾವಿರ ಬಾಯಿ ದಾಟಿ ಬಂದ ಮಾತು! ಅಪ್ಪನ ಅರ್ಧ ಸತ್ತ ನಾಲಿಗೆಯ ಮೇಲೂ ಅದು ಬದುಕಿತ್ತು. ಅವನಿಗೆ ಕೈಮುಗಿಯಬೇಕೆನಿಸಿತು, ಅಪ್ಪನಿಗೋ, ಆ ಮಾತಿಗೋ ತಿಳಿಯಲಿಲ್ಲ.

ಎದ್ದವನೇ ಹೊರಗೆ ಓಡಿದ. "ಕಾಕಾ, ಅದು ಬಂದೂಕಲ್ಲರಿ! ನನಗ ಯಾರ ಜೋಡೀನೂ ವೈರ ಇಲ್ಲ ಅನ್ನಾಕತ್ತಾರ ಅಪ್ಪಾ."

ಬಾಹುಬಲಿ ಒಳಗೆ ಬಂದ. ಬಂದರೂ ನಂಬಿರಲಿಲ್ಲ; ಮಾಸ್ತರರು ಯಾವ ಮಾತಿಗೆ ಯಾವ ಅರ್ಥ ಹಚ್ಚುತ್ತಾರೋ ಯಾರು ಬಲ್ಲರು? ಅಣ್ಣನ ಹಾಸಿಗೆಯ ಪಕ್ಕ ಕುಕ್ಕರಿಸಿ ಅವನನ್ನೇ ಕೇಳಿದ.

"ಅಣ್ಣಾ, ಯಾರ ಜೋಡೀನೂ ಅಂದ್ರ... ನನ್ನ ಜೋಡೀನೂ?"

ಭೂಪಾಲಪ್ಪ ಬಹಳ ಹೊತ್ತು ತುಟಿ ಆಡಿಸಿದ. 'ಕೇಣ' ಬರಲೇ ಇಲ್ಲ. ಸರಿಯಿದ್ದ ಕೈಯಿಂದ ತಮ್ಮನ ಅಂಗಿ ಹಿಡಿದು ಹತ್ತಿರ ಎಳೆದುಕೊಂಡು ಇಷ್ಟೇ ಅಂದ:

"ವಿ."