ಗಂಡು ಗಿಡ ಕಿತ್ತವನು

ಕೋಡಿಹಳ್ಳಿ ಆಚೆ, ಕಾಡಂಚಿನಲ್ಲಿದ್ದ ಚನ್ನಬಸಮ್ಮನ ಒಂದೂವರೆ ಎಕರೆಯನ್ನು ಬಾಲರಾಜು ಎಂಬ ಪರವೂರಿನವನು ಗುತ್ತಿಗೆಗೆ ಹಿಡಿದಿದ್ದ. ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಲ್ಲಿನ ಚೀಲದ ಕಾರ್ಖಾನೆಯೊಂದಕ್ಕೆ ನಾರು ಬೆಳೆದು ಕೊಡುತ್ತೇನೆ ಎಂದಿದ್ದ. ಆದರೆ ಹೊಲದ ಸುತ್ತ ಆಳೆತ್ತರ ತಗಡು ಹೊಡೆಸಿದಾಗ ಅವಳಿಗೆ ಮೊದಲ ಅನುಮಾನ ಬಂತು.

"ಹಂದಿ ಕಾಟ ಕಣಮ್ಮ" ಅಂದ.

ಹಂದಿಗೆ ತಗಡು ಸರಿ. ಸಂದುಗಳಿಗೆಲ್ಲ ಗೋಣಿ ತುರುಕಿದ್ದು ಯಾರ ಕಣ್ಣಿಗೆ ಹೆದರಿ?

ಒಂದು ಮಧ್ಯಾಹ್ನ ಹೇಳದೆ ಕೇಳದೆ ಒಳಗೆ ನುಗ್ಗಿದಳು. ಬೆರಳು ಬಿಡಿಸಿದ ಅಂಗೈಯಂಥ ಎಲೆ.

"ಇದು ಗಾಂಜಾ ಅಲ್ವೇನಪ್ಪಾ?"

ಬಾಲರಾಜು ನಕ್ಕ. "ಜಾತಿ ಅದೇಯ, ತಳಿ ಬೇರೆ. ಇದು ನಾರಿನ ತಳಿ, ಇದ್ರಲ್ಲಿ ಮತ್ತು ಬರಾಕಿಲ್ಲ. ಪರ್ಮಿಷನ್ನೂ ಐತೆ." ಜೇಬಿನಿಂದ ಇಂಗ್ಲಿಷ್ ಕಾಗದವೊಂದನ್ನು ತೆಗೆದು, ಅವಳು ಕೈ ಚಾಚುವ ಮೊದಲೇ ಮಡಚಿಟ್ಟುಕೊಂಡ.

ಅವಳ ಸೋದರಮಾವ ಗವಿಸಿದ್ದಯ್ಯ ಹರೆಯದಲ್ಲಿ ಬೆಟ್ಟದ ಮಠವೊಂದರಲ್ಲಿ ಗಾಂಜಾ ಸೇದುವ ಬೈರಾಗಿಗಳ ಜೊತೆ ಇದ್ದವನು. ಬಾಲರಾಜು ಕನಕಪುರಕ್ಕೆ ಹೋದ ದಿನ ಅವನನ್ನು ಕರೆತಂದಳು. ಮುದುಕ ಸಾಲಿನ ನಡುವೆ ನಿಂತು ಸುತ್ತ ನೋಡಿದ.

"ನಾರಿನ ಗಿಡವ ಒತ್ತೊತ್ತಾಗಿ ಹಾಕ್ತಾರೆ ಕಣವ್ವ. ಕವಲು ಒಡೀದೆ ಕಡ್ಡಿ ಹಂಗೆ ಮೇಲಕ್ಕೋಗ್ಬೇಕು. ಇವನು ಮಾರಿಗೊಂದು ಹಾಕವ್ನೆ. ನೋಡು, ಪೊದೆ ಕಟ್ಟೈತೆ."

ತಗಡಿನ ಮೂಲೆಯಲ್ಲಿ ಕಿತ್ತು ಬಿಸಾಡಿದ ಗಿಡಗಳ ಗುಡ್ಡೆಯಿತ್ತು. ಒಂದನ್ನೆತ್ತಿ, ಗೆಣ್ಣಿನಲ್ಲಿ ಜೋತುಬಿದ್ದ ಮಣಿಯಂಥ ಮೊಗ್ಗು ತೋರಿಸಿದ. "ಎಲ್ಲಾ ಗಂಡು. ಒಳ್ಳೆ ನಾರು ಬರೋದೇ ಗಂಡು ಗಿಡದಲ್ಲಿ. ನಾರು ಬೇಕಾದೋನು ಇದನ್ನ ಯಾಕೆ ಕೀಳ್ತಾನೆ? ಗಂಡಿನ ಸೋಂಕಿಲ್ದೆ ಹೋದ್ರೆ ಹೆಣ್ಣು ಗಿಡ ಬೀಜ ಕಟ್ಟಾಕಿಲ್ಲ, ಹೂವಿನ ತುಂಬ ಅಂಟೇ ತುಂಬ್ಕತದೆ. ಮತ್ತೇರೋದು ಅದ್ರಿಂದ್ಲೇಯ. ಅವನಿಗೆ ಬೇಕಾಗಿರೋದು ಆ ಅಂಟು."

ಪಹಣಿ ಅವಳ ಹೆಸರಿನಲ್ಲಿತ್ತು; ನಾಳೆ ಪೊಲೀಸರು ಬಂದರೆ ಮೊದಲು ಹಿಡಿಯುವುದು ಅವಳನ್ನೇ. ಕಿತ್ತ ಗಿಡವೊಂದನ್ನು ಕೈಚೀಲಕ್ಕೆ ತುರುಕಿಕೊಂಡು, ಮನೆಗೂ ಹೋಗದೆ ನೇರ ಠಾಣೆಗೆ ಬಸ್ಸು ಹತ್ತಿದಳು.

ಇನ್ಸ್‌ಪೆಕ್ಟರ್ ಎಲ್ಲ ಕೇಳಿ, ಗಿಡದ ಬದಲು ಅವಳನ್ನೇ ದಿಟ್ಟಿಸಿದ. "ಗಂಡು, ಹೆಣ್ಣು, ಅಂಟು... ಇಷ್ಟೆಲ್ಲ ನಿನಗೆ ಹೆಂಗಮ್ಮ ಗೊತ್ತು? ಪಾಲು ಹಂಚ್ಕೊಳ್ಳೋದ್ರಲ್ಲಿ ಜಗಳ ಆಯ್ತಾ?"

ಅವಳು ಗಿಡವನ್ನು ಅವನ ಮುಂದಕ್ಕೆ ತಳ್ಳಿದಳು. "ಪಾಲಿದ್ದಿದ್ರೆ ಬಾಯಿ ಮುಚ್ಕೊಂಡು ಮನೇಲಿ ಕುಂತಿರ್ತಿದ್ದೆ ಸ್ವಾಮಿ. ಜೀಪು ತಗೀರಿ, ನಾನೇ ಮುಂದೆ ಕುಂತು ದಾರಿ ತೋರಿಸ್ತೀನಿ."

ಸಂಜೆಯೊಳಗೆ ಬಾಲರಾಜು ಸಿಕ್ಕಿಬಿದ್ದ. ಅವನು ತೋರಿಸಿದ್ದ ಪರ್ಮಿಷನ್ ಕಾಗದ ಗೊಬ್ಬರದ ಯಾವುದೋ ಹಳೆಯ ರಸೀದಿ. ಗಿಡಗಳನ್ನು ಬುಡಸಮೇತ ಕಿತ್ತು ಸಾಗಿಸಿದರು. ಆದರೂ ಎರಡು ವರ್ಷ ಚನ್ನಬಸಮ್ಮ ಸಾಕ್ಷಿ ಹೇಳಲು ಕೋರ್ಟಿಗೆ ಅಲೆದಳು. ಪ್ರತಿ ಸಲ ಬಸ್ಸು ಹತ್ತುವಾಗ ಊರಿನ ಹೆಂಗಸರು ಮಾತು ನಿಲ್ಲಿಸಿ, ಒಳಗೇನಿದೆಯೋ ಎಂಬಂತೆ ಅವಳ ಕೈಚೀಲದ ಕಡೆ ನೋಡುತ್ತಿದ್ದರು.