ಅಚ್ಚಿನ ತಳದ ಕೆಂಪು

ಒದ್ದೆ ಬಟ್ಟೆಯಿಂದ ಎಷ್ಟು ತಿಕ್ಕಿದರೂ ಹೋಗದು, ಬೂದು ಮೈಯ ಮೇಲೆ ಹೆಬ್ಬೆರಳಿನಷ್ಟು ಕೆಂಪು, ತ್ರಿವೇಣಿ ಕಾಂಕ್ರೀಟ್ ಕ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದಳು — ನೀರಿನ ತೊಟ್ಟಿಯಿಂದ ಈಗಷ್ಟೇ ತೆಗೆದದ್ದು, ಅಂಗೈಗೆ ತಣ್ಣಗೆ, ಬೆಳಿಗ್ಗೆ ಮಗಳು ಶಿವಾನಿಯ ಹಣೆ ಸುಡುತ್ತಿತ್ತು, ಅಮ್ಮಾ ಇವತ್ತ ಹೋಗಬ್ಯಾಡ ಅಂದಿತ್ತು ಕೂಸು, ಹೋಗಬೇಕವ್ವಾ, ಇವತ್ತ ಪರೀಕ್ಷಾ ಅದ, ನಿನಗೂ ಪರೀಕ್ಷಾನ ಅಂತ ಜ್ವರದಲ್ಲೂ ನಕ್ಕಿತ್ತು — ಪರೀಕ್ಷೆಯೇ, ಕೆಡವಿದ ಕಟ್ಟಡಗಳ ಕಾಂಕ್ರೀಟನ್ನು ಮೈದಾಹಿಟ್ಟಿನಷ್ಟು ನುಣ್ಣಗೆ ಬೀಸಿ ಸಿಮೆಂಟಿಗೆ ಬೆರೆಸುವ ಈ ಭೋಸರಿಯ ಗಿರಣಿ ಉಳಿಯುವುದೋ ಮುಚ್ಚುವುದೋ, ಯಂತ್ರದಲ್ಲಿ ಒಡೆಯುವ ಈ ಕ್ಯೂಬು ಹೇಳಬೇಕು, ಕೊಳ್ಳುವ ಕಂಪನಿಯ ಎಂಜಿನಿಯರ್ ಮಹೇಶಕುಮಾರ ಆಗಲೇ ಗೇಟಿನಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದಾನೆ, ಹೋದ ಸಲವೇ ಅಂದಿದ್ದ, ಇಟ್ಟಿಗೆ ಪುಡಿ ಸೇರಿರೋದು ಕಂಡ್ರೆ ಪೂರ್ತಿ ಲಾಟ್ ವಾಪಸ್ ಮೇಡಂ, ಮತ್ತೆ ನಾನಂತೂ ಬರಲ್ಲ.

ಇದು ಇಟ್ಟಿಗೆಯಲ್ಲ, ಅವಳಿಗೆ ಗೊತ್ತು, ಜೇಜುರಿಯ ಖಂಡೋಬಾ ದೇವರ ಭಂಡಾರ, ಪ್ರಸಾದದ ಅರಿಶಿನ ಪುಡಿ, ಕಾಂಕ್ರೀಟ್ ಕಲಸುವ ಮಲಕಪ್ಪ ಅಚ್ಚು ತುಂಬುವ ಮೊದಲು ತಳಕ್ಕೊಂದು ಚಿಟಿಕೆ ಉದುರಿಸಿದ್ದ, ಬ್ಯಾಡ್ರಿ ಕಾಕಾ, ಅದರಾಗ ಹೊರಗಿಂದು ಏನೂ ಬೀಳಬಾರದು ಅಂತ ಇವಳಂದರೆ, ಖಂಡೋಬಾ ಹೊರಗಿನವ ಏನವ್ವಾ, ನೀ ಅಳತಿ ನೋಡ್ಕೊ, ನಾ ಅವನ್ನ ನೋಡ್ಕೋತೀನಿ ಅಂದಿದ್ದ, ಹಳದಿ ಒಳಗೆ ಹೋಯಿತು, ಸಿಮೆಂಟಿನ ಸುಣ್ಣ ತಾಗಿ ಕೆಂಪಾಗಿ ಹೊರಬಂತು — ಸಿಂದಗಿಯ ತವರಿನಲ್ಲಿ ಅವ್ವ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕದಡುತ್ತಾಳೆ, ತಾನು ಹೊಸ್ತಿಲ ಹೊರಗೆ, ತೋಳಲ್ಲಿ ಹಸಿಗೂಸು ಶಿವಾನಿ, ಕೆಂಪು ನೀರು ಸುತ್ತಿ ಸುತ್ತಿ ದೃಷ್ಟಿ ತೆಗೆದು ಕೂಸಿನ ಹಣೆಗೊಂದು ಬೊಟ್ಟು — ಹೇಳಿದರೆ ಸಂಜೆಯೊಳಗೆ ಮಲಕಪ್ಪ ಗೇಟಿನಾಚೆ, ಹೇಳದಿದ್ದರೆ ಇಟ್ಟಿಗೆ ಅಂತ ಗಿರಣಿಯೇ ನಿಲ್ಲುತ್ತದೆ, ಎರಡನ್ನೂ ತೂಗುವಷ್ಟು ಹೊತ್ತಿಲ್ಲ, ಕೆಂಪು ಮುಖವನ್ನು ಗೋಡೆಯ ಕಡೆ ತಿರುಗಿಸಿ ಕ್ಯೂಬನ್ನು ಯಂತ್ರದೊಳಗಿಟ್ಟಳು.

ಮಹೇಶಕುಮಾರ ಬಂದು ಪಕ್ಕದಲ್ಲಿ ನಿಂತ, ಒತ್ತಡದ ಮುಳ್ಳು ಏರಿತು, ಏರುತ್ತದೆ, ಬೇಕಾದ ಗೆರೆ ದಾಟುತ್ತದೆ, ಪರವಾಗಿಲ್ವೇ ಮೇಡಂ, ಹಳೇ ಬಿಲ್ಡಿಂಗ್ ಪುಡಿ ಅಂದ್ರೆ ಯಾರೂ ನಂಬಲ್ಲ — ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು, ಶಿವಾನಿ ಇರಬೇಕು, ತಡಿ ಕೂಸ — ಟಪ್ಪೆಂದು ಕ್ಯೂಬು ಒಡೆಯಿತು, ಒಂದು ತುಂಡು ಹೊರಕ್ಕೆ ಸಿಡಿದು ಅವನ ಬೂಟಿನ ಹತ್ತಿರ ಬಿತ್ತು, ಕೆಂಪು ಮೇಲಾಗಿ, ಇದೇನು, ಇಟ್ಟಿಗೆನಾ, ಬೂಟಿನ ತುದಿಯಿಂದ ತುಂಡನ್ನು ಸರಿಸಿದ, ತ್ರಿವೇಣಿ ಬಾಗಿಲಲ್ಲಿ ನಿಂತ ಮಲಕಪ್ಪನ ಹಣೆಯ ಹಳದಿಯನ್ನೇ ನೋಡಿದಳು, ಮನಸ್ಸಿನಲ್ಲೇ, ಸುಮ್ಮನಿರ್ರಿ ಕಾಕಾ, ಸುಮ್ಮನಿರ್ರಿ — ಕಾಲು ಹಚ್ಚಬ್ಯಾಡ್ರಿ ಸಾಹೇಬ್ರ, ಇಟ್ಟಂಗಿ ಅಲ್ಲ ಅದು, ಖಂಡೋಬಾನ ಭಂಡಾರ, ನಾನ ಹಾಕೀನಿ ಅಂದ ಮಲಕಪ್ಪ, ಬಾಗಿ ಎರಡೂ ಕೈಯಿಂದ ತುಂಡನ್ನೆತ್ತಿ ಹಣೆಗೊತ್ತಿಕೊಂಡ, ಹಳದಿಗೆ ಕೆಂಪು, ಮಹೇಶಕುಮಾರ ಅವಳ ಕಡೆ ತಿರುಗಿದ, ಗೊತ್ತಿತ್ತಾ ನಿಮಗೆ — ಫೋನು ಮತ್ತೆ — ಕೂಸಿನ ಸುಡುವ ಹಣೆ, ಅವ್ವನ ತಟ್ಟೆಯ ನೀರು, ಕೆಂಪು, ಹೆಬ್ಬೆರಳಿನಷ್ಟು, ತಿಕ್ಕಿದರೂ ಹೋಗದ ಕೆಂಪು